ಮೂವತ್ತೊಂದು ಪುಟಗಳಿಗೆ ಅಪ್ಪಣೆ

ಡುಲೂತಿನಲ್ಲಿ ನವೆಂಬರ್. ನಾಲ್ಕೂವರೆಗೇ ಕತ್ತಲು.
ಗ್ರಂಥಾಲಯದ ನೆಲಮಾಳಿಗೆಯಲ್ಲಿ, ರಿಸರ್ವ್ ಮೇಜಿನ ಹಿಂದೆ
ನಾನು, ಸ್ಕ್ಯಾನರು, ಕಾಲಬಳಿ ಕೆಮ್ಮುವ ಹೀಟರು.
ಇಲ್ಲಿ ಪುಸ್ತಕ ಎರಡು ಗಂಟೆಯ ಕೈಗಡ.
ಹೊತ್ತು ಮೀರಿದರೆ ಮಾತ್ರ ಬಡ್ಡಿ.

ಪ್ರೊಫೆಸರ್ ಸೋರೆನ್ಸನ್ ಚೀಟಿ ಕಳಿಸಿದ್ದಾರೆ:
ಮೂರನೆಯ ಅಧ್ಯಾಯ,
ನಲವತ್ತೊಂದರಿಂದ ಎಪ್ಪತ್ತೊಂದನೇ ಪುಟ,
ವಿದ್ಯಾರ್ಥಿಗಳು ಇಪ್ಪತ್ತಾರು, ಜನವರಿಯಿಂದ ಮೇ.
ಅಚ್ಚು ಮುಗಿದು ನಲವತ್ತು ವರ್ಷದ ಪುಸ್ತಕ,
ಇರುವುದೊಂದೇ ಪ್ರತಿ, ಅದಕ್ಕೂ ಬೆನ್ನು ಮುರಿದಿದೆ.
ಹೆರಿಂಗ್ ಮೀನು ಹಿಡಿಯುತ್ತಿದ್ದ ಫಿನ್ನಿಶ್ ಬೆಸ್ತನೊಬ್ಬ
ಚಳಿಗಾಲದ ಸರೋವರಕ್ಕೆ ಇಟ್ಟ ಹೆಸರುಗಳು ಅದರಲ್ಲಿ:
ಹಾಡುವ ಹೆಪ್ಪು, ಸುಳ್ಳಾಡುವ ಹೆಪ್ಪು,
ನಾಯಿಯನ್ನು ಹೊತ್ತು ಆಳನ್ನು ಹೊರದ ಹೆಪ್ಪು.

ಕಳೆದ ವರ್ಷ ಕೇಳದೆಯೇ ಹಾಕಿದ್ದೆವು.
ಒಂದು ಸಲಕ್ಕೆ ನಡೆಯುತ್ತದೆ,
ಮರುಸಲ ಕೇಳಬೇಕು ಎನ್ನುತ್ತದೆ ನಮ್ಮ ನಿಯಮ.
‘ಯಾರು ನೋಡ್ತಾರೆ, ಹಾಕಿಬಿಡು’ ಅಂದಳು ಮಾರ್ಗಿ,
ಡೋನಟ್ಟಿನ ಸಕ್ಕರೆ ಒರೆಸಿಕೊಳ್ಳುತ್ತ.
ಅವಳಿಗೆ ಹೇಗೆ ಹೇಳಲಿ,
ದೇವಿಯ ಬಲಗಡೆಯಿಂದ ಹೂ ಜಾರದೆ
ಬೋರ್‌ವೆಲ್ ಕೂಡ ಕೊರೆಸದವರು ನಮ್ಮ ಪೈಕಿ;
ಹೂ ಬೀಳದಿದ್ದರೆ ಕಾಯುತ್ತಾರೆ,
ಪೂಜಾರಿ ಮೆಲ್ಲಗೆ ಕೆಮ್ಮುವವರೆಗೆ.

ಪ್ರಕಾಶಕರಿಗೆ ಬರೆದೆ. ಸೇತುವೆಯಾಚೆಗಿನ ಊರು.
ಲಕೋಟೆ ಹಳದಿ ಪಟ್ಟಿ ಹೊತ್ತು ಮರಳಿ ಬಂತು.
ಫೋನು ಮಾಡಿದೆ. ‘ಟೈರ್ ಅಂಗಡಿ’ ಅಂತು ಒಂದು ದನಿ,
‘ಪುಸ್ತಕ ಇಲ್ಲ, ಸ್ನೋ ಟೈರ್ ಬೇಕಾದರೆ ಇದೆ.’
ಜಿಲ್ಲಾ ಕಚೇರಿಗೆ ಬರೆದೆ. ಇಗರ್ಜಿಯ ಕಾರ್ಯದರ್ಶಿಗೆ ಬರೆದೆ.
ಪ್ರತಿ ಸಲವೂ ಅದೇ ಮಾತು:
ಇಂತಿಷ್ಟು ಪುಟ, ಇಂತಿಷ್ಟು ಮಂದಿ, ಇಂತಿಷ್ಟು ತಿಂಗಳು,
ಲಾಭದ ಉದ್ದೇಶವಿಲ್ಲ, ದಯವಿಟ್ಟು ಉತ್ತರಿಸಿ.

ಡಿಸೆಂಬರ್ ಒಂಬತ್ತಕ್ಕೆ ಕ್ಲೋಕೆಯಿಂದ ಕಾಗದ ಬಂತು.
ಐಲಿ ಕಾಂಗಸ್ನಿಯೆಮಿ, ಬೆಸ್ತನ ಮಗಳು, ಎಂಬತ್ತೊಂದು.
ನೀಲಿ ಶಾಯಿ, ನಡುಗಿದರೂ ಸಾಲು ಬಿಡದ ಅಕ್ಷರ:

‘ನಕಲು ಮಾಡಿಕೊಳ್ಳಿ. ದುಡ್ಡು ಬೇಡ.
ಆದರೆ ಐವತ್ತೆಂಟನೇ ಪುಟ ತಿದ್ದಬೇಕು.
ಹೆಪ್ಪು ಒಡೆದದ್ದು ಮಂಗಳವಾರ ಅಂತ ಬರೆದಿದ್ದಾನೆ ಅಪ್ಪ.
ಅಲ್ಲ, ಗುರುವಾರ.
ಅದರ ಮೇಲೆ ನಿಂತಿದ್ದವನು ನನ್ನ ತಮ್ಮ.
ಅವನ ಎರಡು ದಿನ ಅವನಿಗೆ ವಾಪಸು ಕೊಡಿ.’

ನಮೂನೆಯನ್ನು ಮೇಲಿಂದ ಕೆಳಗೆ ಓದಿದೆ.
ಹಕ್ಕುದಾರರ ಸಹಿಗೆ ಖಾನೆಯಿದೆ, ಶುಲ್ಕಕ್ಕಿದೆ,
ಷರತ್ತುಗಳಿಗೆ ಎರಡು ಗೆರೆ.
ಸೋರೆನ್ಸನ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು:
‘ಪಠ್ಯ ಪಠ್ಯವೇ. ಅವರಪ್ಪ ಬರೆದದ್ದು ಮಂಗಳವಾರ.’
ಅದೂ ಸರಿಯೇ.
ಸತ್ತವನ ವಾಕ್ಯ ಒಂದು ಕಡೆ, ಸತ್ತ ಇನ್ನೊಬ್ಬನ ವಾರ ಒಂದು ಕಡೆ,
ನಡುವೆ ನಾನು, ಬಿಳಿ ಶಾಯಿಯ ಬಾಟಲಿಯ ಮುಚ್ಚಳ
ತೆಗೆಯುತ್ತ, ಮುಚ್ಚುತ್ತ.

ಆ ರಾತ್ರಿ ಬಂದರಿನಲ್ಲಿ ಅದಿರಿನ ಹಡಗೊಂದು ಕೂಗಿತು,
ಬಹುಶಃ ಈ ಸಾಲಿನ ಕೊನೆಯದು.
ಬೆಳಿಗ್ಗೆ ಐಲಿಗೆ ಮತ್ತೊಂದು ಕಾಗದ ಬರೆದೆ:
ನಿಮ್ಮ ತಂದೆಯ ಪುಟವನ್ನು ಹಾಗೇ ಬಿಡುತ್ತೇವೆ.
ಅದರ ಬೆನ್ನಿಗೆ ನಿಮ್ಮ ಕಾಗದ ಸೇರಿಸಬಹುದೇ?
ಅದರ ಹಕ್ಕೂ ನಿಮ್ಮದೇ ಆದ್ದರಿಂದ ಕೇಳುತ್ತಿದ್ದೇನೆ.
ಒಂದು ಪುಟ, ಇಪ್ಪತ್ತಾರು ಮಂದಿ, ಜನವರಿಯಿಂದ ಮೇ.

ಉತ್ತರ ಒಂದು ಕಾರ್ಡು.
ಒಂದು ಕಡೆ ದೀಪಸ್ತಂಭದ ಚಿತ್ರ, ಇನ್ನೊಂದು ಕಡೆ ‘ಆಗಬಹುದು’,
ಕೆಳಗೆ, ಬೇಕಿಲ್ಲದಿದ್ದರೂ, ಹುಡುಗನ ಹೆಸರು: ರೈನೊ.

ಫೆಬ್ರವರಿಯಲ್ಲಿ ಒಬ್ಬ ಹುಡುಗ ಮೇಜಿನ ಹತ್ತಿರ ಬಂದ,
ಬೂಟಿನಿಂದ ಕಾರ್ಪೆಟ್ಟಿಗೆ ಹಿಮ ಕರಗಿಸುತ್ತ,
ಕೈಯಲ್ಲಿ ಮೂವತ್ತೆರಡು ಪುಟ.
‘ನಡುವೆ ಯಾರದೋ ಕೈಬರಹದ ಕಾಗದ ಸೇರಿಬಿಟ್ಟಿದೆ,
ಇದೂ ಪರೀಕ್ಷೆಗೆ ಬರುತ್ತಾ?’

ಬರುತ್ತೆ, ಅಂದೆ,
ಪ್ರೊಫೆಸರರ ಅಪ್ಪಣೆ ಕೇಳದೆ.